ಪೆನುಕೊಂಡದ ಕಾರು, ಮಧುಗಿರಿಯ ನಂಬರು

ಪಾವಗಡದಿಂದ ತುಮಕೂರಿಗೆ ಹೆಚ್ಚೂಕಡಿಮೆ ನೂರು ಕಿಲೋಮೀಟರ್. ಅದರ ಅರ್ಧದಷ್ಟೂ ದೂರವಿಲ್ಲದ, ಗಡಿಯಾಚೆ ಆಂಧ್ರದ ಪೆನುಕೊಂಡದ ಪಕ್ಕದಲ್ಲಿ, ಎರ್ರಮಂಚಿ ಎಂಬ ಹಳ್ಳಿಯ ಬಳಿ, ವರ್ಷಕ್ಕೆ 3 ಲಕ್ಷ ಕಾರು ತಯಾರಿಸಬಲ್ಲ ಕಿಯಾ ಕಾರ್ಖಾನೆ ಇದೆ. 2017ರಲ್ಲಿ ಆಂಧ್ರ ಸರ್ಕಾರದ ಜೊತೆ ಒಪ್ಪಂದವಾಯಿತು, 2019ರ ಆಗಸ್ಟಿನಲ್ಲಿ ಮೊದಲ ಸೆಲ್ಟೋಸ್ ಮಾರುಕಟ್ಟೆಗೆ ಬಂತು, ಅದೇ ಡಿಸೆಂಬರಿನಲ್ಲಿ ವಿಧ್ಯುಕ್ತ ಉದ್ಘಾಟನೆಯೂ ಆಯಿತು. ಅಂದಿನಿಂದ ಪಾವಗಡ, ಮಿಡಿಗೇಶಿ, ಕೊಡಿಗೇನಹಳ್ಳಿ ಕಡೆ ಹೊಸ ಕಾರಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಇಲ್ಲೇ ಮಗ್ಗುಲಲ್ಲೇ ತಯಾರಾಗುತ್ತಲ್ಲ, ಫ್ಯಾಕ್ಟರಿ ಹತ್ರಾನೇ ಹೋಗಿ ತಂದ್ರೆ ಕಮ್ಮಿ ಆಗಲ್ವಾ?’

ಆಗುವುದಿಲ್ಲ. ಆದರೆ ಯಾಕೆ ಆಗುವುದಿಲ್ಲ ಎಂದು ತಿಳಿದುಕೊಂಡವರಿಗೆ, ದುಡ್ಡು ನಿಜವಾಗಿ ಎಲ್ಲಿ ಉಳಿಯುತ್ತದೆ ಎಂಬುದೂ ಗೊತ್ತಾಗುತ್ತದೆ. ಕೊರಟಗೆರೆಯವರಿಗೂ ಶಿರಾದವರಿಗೂ ತುಮಕೂರೇ ಹತ್ತಿರವಾದ್ದರಿಂದ ಗಡಿ ದಾಟುವ ಆಸೆ ಅಷ್ಟಾಗಿ ಹುಟ್ಟುವುದಿಲ್ಲ. ಲೆಕ್ಕ ಮಾತ್ರ ಪಾವಗಡ, ಮಧುಗಿರಿ, ಕೊರಟಗೆರೆ, ಶಿರಾ ನಾಲ್ಕೂ ತಾಲ್ಲೂಕಿಗೆ ಒಂದೇ. ನಾಲ್ಕಕ್ಕೂ ನಂಬರು ಕೊಡುವುದು ಮಧುಗಿರಿಯ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿ, ಕೆಎ-64.

ಕಾರ್ಖಾನೆಗೇ ಹೋಗಿ ಕಾರು ತರುವ ಯೋಚನೆ ಹುಚ್ಚೇನಲ್ಲ. ಅಮೆರಿಕದವರು ದಶಕಗಟ್ಟಲೆ ಅದನ್ನೇ ಮಾಡಿದ್ದಾರೆ. ತಮ್ಮೂರಿನ ಬಿಎಂಡಬ್ಲ್ಯು ಡೀಲರ್ ಹತ್ತಿರ ಬುಕ್ ಮಾಡಿ, ವಿಮಾನ ಹತ್ತಿ ಜರ್ಮನಿಯ ಮ್ಯೂನಿಕ್‌ಗೆ ಹೋಗಿ, ಅಲ್ಲಿ ಕಾರಿನ ಕೀಲಿ ಪಡೆದು, ಕೆಲವು ವಾರ ಯುರೋಪ್ ಸುತ್ತಿ, ಕಾರನ್ನು ಕಂಪನಿ ಹೇಳಿದ ಜಾಗದಲ್ಲಿ ಒಪ್ಪಿಸಿ ವಾಪಸಾಗುತ್ತಿದ್ದರು. ಅದು ಹಡಗಿನಲ್ಲಿ ಹಿಂದೆ ಬರುತ್ತಿತ್ತು. ಇದಕ್ಕಾಗಿ ಮೂಲ ಬೆಲೆಯಲ್ಲಿ ಮೊದಲು ಶೇ 7, ಆಮೇಲೆ ಶೇ 5ರಷ್ಟು ರಿಯಾಯಿತಿ ಸಿಗುತ್ತಿತ್ತು. ಸ್ವೀಡನ್ನಿನ ವೋಲ್ವೋ ಇನ್ನೂ ಉದಾರಿ: ಯೋಥೆಬೊರಿ ನಗರಕ್ಕೆ ಬಂದು ಕಾರು ಒಯ್ಯುವವರಿಗೆ ಎರಡು ವಿಮಾನ ಟಿಕೆಟ್, ಒಂದು ರಾತ್ರಿಯ ಹೋಟೆಲ್ ವಾಸ ಕೊಡುತ್ತಿತ್ತು. ಪ್ರವಾಸಿಗರ ತಾತ್ಕಾಲಿಕ ನಂಬರಿನಲ್ಲಿ ಓಡಿ ಯುರೋಪಿನಿಂದ ಹೊರಗೆ ಹೋಗುವ ಕಾರಿಗೆ ಅಲ್ಲಿನ ಮಾರಾಟ ತೆರಿಗೆ ಬೀಳುತ್ತಿರಲಿಲ್ಲ. ಅಮೆರಿಕದ ಆಮದು ಸುಂಕವಾದರೂ ಆಗ ಕಾರಿಗೆ ಬರೀ ಶೇ 2.5. ಇವೆರಡರ ಮೇಲೆ ಆ ವ್ಯವಸ್ಥೆ ನಿಂತಿತ್ತು. 2020ರಲ್ಲಿ ಬಿಎಂಡಬ್ಲ್ಯು, ಮರ್ಸಿಡಿಸ್ ಎರಡೂ ಇದನ್ನು ನಿಲ್ಲಿಸಿದವು. ವೋಲ್ವೋ ಮುಂದುವರಿಸಿತು. ಮಗ-ಸೊಸೆ ಅಮೆರಿಕದಲ್ಲಿದ್ದು ವೋಲ್ವೋ ಕೊಳ್ಳುವ ಯೋಚನೆ ಇದ್ದರೆ ಒಮ್ಮೆ ವಿಚಾರಿಸಲು ಹೇಳಿ, ಅಷ್ಟೆ.

ಹಾಗೆ ತಂದ ಕಾರು ಊರಿಗೆ ಬರುವ ಮಾತನ್ನು ಮಾತ್ರ ಮರೆತುಬಿಡಿ. ಭಾರತಕ್ಕೆ ಇಡಿಯಾಗಿ ತರಿಸುವ ಹೊಸ ಕಾರಿನ ಸುಂಕ ಬಹುಕಾಲದಿಂದ ಶೇ 60ರಿಂದ 110ರ ನಡುವೆ ಓಡಾಡುತ್ತಿದೆ. ಸ್ಟಿಯರಿಂಗ್ ಬಲಗಡೆಗೇ ಇರಬೇಕು, ವೇಗದ ಮೀಟರು ಕಿಲೋಮೀಟರಿನಲ್ಲೇ ತೋರಿಸಬೇಕು, ಕಾರು ತಯಾರಾದ ದೇಶದಿಂದಲೇ ನೇರವಾಗಿ ಬರಬೇಕು. ಅಲ್ಲಿ ಓಡಿಸಿದ್ದಾದರೆ ಅದು ಹೊಸ ಕಾರೂ ಅಲ್ಲ. ಬಳಸಿದ ಕಾರಿನ ಕಟ್ಟಲೆಗಳು ಬೇರೆ, ಇನ್ನೂ ಬಿಗಿ. ಅಷ್ಟಕ್ಕೂ ನಮ್ಮ ವೋಲ್ವೋ ಕಾರುಗಳಿಗೆ ಸ್ವೀಡನ್ನಿನ ತನಕ ಹೋಗಬೇಕಿಲ್ಲ. 2017ರಿಂದ ಅವು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲೇ ಜೋಡಣೆಯಾಗುತ್ತಿವೆ.

ಹಾಗಾಗಿ ನಮ್ಮ ಪಾಲಿಗೆ ಉಳಿಯುವ ಗಡಿ ಎಂದರೆ ರಾಜ್ಯದ ಗಡಿ. ಪಾವಗಡಕ್ಕಂತೂ ಅದು ಮೂರು ದಿಕ್ಕಿನಲ್ಲೂ ಇದೆ.

ಕಾರ್ಖಾನೆ ಗೇಟಿನ ಬೆಲೆ

ಕಿಯಾ ಕಂಪನಿ ಎರ್ರಮಂಚಿಯ ಗೇಟಿನಲ್ಲಿ ಗಿರಾಕಿಗೆ ಕಾರು ಮಾರುವುದಿಲ್ಲ. ಕಾರು ಡೀಲರಿಗೆ ಹೋಗಿ, ಅಲ್ಲಿಂದ ನಿಮಗೆ ಬರಬೇಕು. ಕಂಪನಿಯೇ ನೇರವಾಗಿ ಬಿಲ್ ಮಾಡುವ ಪದ್ಧತಿ ನಮ್ಮಲ್ಲಿ ಇಲ್ಲವೆಂದಲ್ಲ. ಮರ್ಸಿಡಿಸ್ 2021ರಿಂದ ಹಾಗೆ ಮಾಡುತ್ತಿದೆ, ಆದರೂ ಕಾರು ಕೈಗೆ ಕೊಡುವುದು ಷೋರೂಮೇ. ಸಾಗಣೆ ಖರ್ಚು ಎಕ್ಸ್‌ಶೋರೂಮ್ ಬೆಲೆಯಲ್ಲೇ ಸೇರಿಹೋಗಿರುತ್ತದೆ. ಪೆನುಕೊಂಡದಿಂದ ಹಿಂದೂಪುರಕ್ಕೆ ಬಂದ ಕಾರಿಗೂ ತುಮಕೂರಿಗೆ ಬಂದ ಕಾರಿಗೂ ಬಾಡಿಗೆ ಬೇರೆಬೇರೆ ಬಿದ್ದಿರಬಹುದು, ಆದರೆ ಕಂಪನಿ ಅದನ್ನು ನಿಮ್ಮ ಬಿಲ್ಲಿನಲ್ಲಿ ಕಳೆದು ಕೊಡುವುದಿಲ್ಲ. ಡೇರಿ ಪಕ್ಕದ ಮನೆಯವರಿಗೂ ನಂದಿನಿ ಪ್ಯಾಕೆಟ್ಟು ಅದೇ ದರಕ್ಕೆ ಬರುವ ಹಾಗೆ.

2017ರ ಜುಲೈ 1ಕ್ಕೆ ಮುಂಚೆ ರಾಜ್ಯಕ್ಕೊಂದು ವ್ಯಾಟ್ ಇತ್ತು. ಪಕ್ಕದ ರಾಜ್ಯದ ಬಿಲ್ಲಿನಲ್ಲಿ ಒಂದಿಷ್ಟು ಉಳಿಯಬಹುದು ಎಂಬ ಮಾತಿಗೆ ಆಗ ಸ್ವಲ್ಪವಾದರೂ ಬುಡವಿತ್ತು. ಜಿಎಸ್‌ಟಿ ಬಂದ ಮೇಲೆ ದೇಶಕ್ಕೆಲ್ಲ ಒಂದೇ ದರ. ಇನ್ನೊಂದು ಮುಖ್ಯ ಬದಲಾವಣೆ ಆದದ್ದು 2025ರ ಸೆಪ್ಟೆಂಬರ್ 22ರಂದು. ನಾಲ್ಕು ಮೀಟರ್ ಉದ್ದದೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೂ 1500 ಸಿಸಿ ಮೀರದ ಡೀಸೆಲ್ ಕಾರಿಗೂ ಶೇ 18; ಅದಕ್ಕಿಂತ ದೊಡ್ಡವಕ್ಕೆ ಶೇ 40; ವಿದ್ಯುತ್ ಕಾರಿಗೆ ಶೇ 5.

ಇದು ಎಷ್ಟು ದೊಡ್ಡ ವ್ಯತ್ಯಾಸ ಎಂಬುದು ಎರ್ರಮಂಚಿಯ ಎರಡು ಕಾರುಗಳಲ್ಲೇ ಕಾಣುತ್ತದೆ. ಸೋನೆಟ್‌ನ ಉದ್ದ 3,995 ಮಿಲಿಮೀಟರ್. ಆ 5 ಮಿಲಿಮೀಟರ್ ಉಳಿಸಿರುವುದು ತೆರಿಗೆಗೇ. ಸೆಲ್ಟೋಸ್ ನಾಲ್ಕು ಮೀಟರ್ ದಾಟಿದ್ದು. ಒಂದೇ ಗೇಟಿನಿಂದ ಹೊರಬೀಳುವ ಇವೆರಡರಲ್ಲಿ ಒಂದಕ್ಕೆ ಶೇ 18, ಇನ್ನೊಂದಕ್ಕೆ ಶೇ 40. ತೆರಿಗೆಗೆ ಮುಂಚಿನ ಬೆಲೆ ಎರಡಕ್ಕೂ 7 ಲಕ್ಷ ಎಂದೇ ಇಟ್ಟುಕೊಳ್ಳಿ. ಸಣ್ಣದು 8,26,000 ಆಗುತ್ತದೆ, ದೊಡ್ಡದು 9,80,000. ಅದರ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ, ಜನ ಲೈಫ್ ಟ್ಯಾಕ್ಸ್ ಅನ್ನುವುದು, ಸೇರಿದರೆ 9,54,360 ಮತ್ತು 11,32,292. ಹತ್ತಿರ ಹತ್ತಿರ 1,78,000 ರೂಪಾಯಿಯ ಅಂತರ. ಯಾವ ಗಡಿ ದಾಟಿದರೂ ಇಷ್ಟು ಉಳಿಯುವುದಿಲ್ಲ. ಉಳಿಯುವುದು ಷೋರೂಮಿನಲ್ಲಿ ಯಾವ ಕಾರಿನ ಮುಂದೆ ನಿಲ್ಲುತ್ತೀರಿ ಎಂಬುದರ ಮೇಲೆ.

ತೆರಿಗೆ ಮನೆ ವಿಳಾಸದ ಹಿಂದೆ

ಕಾರು ಎಲ್ಲಿ ಕೊಂಡಿರಿ ಎಂಬುದನ್ನು ಕಾನೂನು ಕೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 40ನೇ ಕಲಮಿನ ಪ್ರಕಾರ, ನೀವು ವಾಸವಿರುವ ಅಥವಾ ವ್ಯಾಪಾರ ಮಾಡುವ, ಕಾರು ಸಾಮಾನ್ಯವಾಗಿ ನಿಲ್ಲುವ ರಾಜ್ಯದಲ್ಲೇ ನೋಂದಣಿ ಆಗಬೇಕು. 2019ರ ತಿದ್ದುಪಡಿ ಆ ರಾಜ್ಯದೊಳಗೆ ಯಾವ ಕಚೇರಿಯಾದರೂ ಸರಿ ಎಂದು ಸಡಿಲಿಸಿತು, ರಾಜ್ಯವನ್ನು ಮಾತ್ರ ಸಡಿಲಿಸಲಿಲ್ಲ. ಹಿಂದೂಪುರದಲ್ಲಿ ಕೊಂಡರೂ ಅನಂತಪುರದಲ್ಲಿ ಕೊಂಡರೂ ಆಧಾರ್‌ನಲ್ಲಿ ಪಾವಗಡ ಎಂದಿದ್ದರೆ ತೆರಿಗೆ ಕರ್ನಾಟಕಕ್ಕೆ.

ಮತ್ತು ಆ ತೆರಿಗೆ ಕಡಿಮೆಯೇನಲ್ಲ. ಪೆಟ್ರೋಲ್, ಡೀಸೆಲ್ ಕಾರಿಗೆ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಹೀಗೆ ಬಂದ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಆದ್ದರಿಂದ ಶೇ 14 ಎನ್ನುವುದು ನಿಜಕ್ಕೂ 15.54, ಶೇ 17 ಎನ್ನುವುದು 18.87.

ಜನ ಎಡವುವುದು ಹಂತದ ಅಂಚಿನಲ್ಲಿ. ಆದಾಯ ತೆರಿಗೆಯಲ್ಲಿ ಹಂತ ದಾಟಿದ ಮೊತ್ತಕ್ಕೆ ಮಾತ್ರ ಹೆಚ್ಚಿನ ದರ. ಇಲ್ಲಿ ಪೂರ್ತಿ ಬೆಲೆಗೇ ಹೆಚ್ಚಿನ ದರ. 9,99,000 ರೂಪಾಯಿಯ ಕಾರಿಗೆ ಲೈಫ್ ಟ್ಯಾಕ್ಸ್ 1,55,245. ಬೆಲೆ 2,000 ಏರಿ 10,01,000 ಆಯಿತೋ, ತೆರಿಗೆ 1,88,889. ಎರಡು ಸಾವಿರದ ಹಿಂದೆ 33,600 ರೂಪಾಯಿ ಹೋಯಿತು. ಸನ್‌ರೂಫ್ ಬೇಕೆಂದು, ಬಣ್ಣದ ಚಾವಣಿ ಬೇಕೆಂದು ಒಂದು ಮೆಟ್ಟಿಲು ಮೇಲಿನ ಮಾದರಿ ಹಿಡಿಯುವವರು ಅದು ಹತ್ತು ಲಕ್ಷದ ಗೆರೆ ದಾಟುತ್ತದೆಯೇ ಎಂದು ಮೊದಲು ನೋಡಬೇಕು. ಷೋರೂಮಿನ ಹುಡುಗ ತಾನಾಗಿ ಹೇಳುವುದಿಲ್ಲ. ಅವನ ಕೆಲಸ ಅದಲ್ಲ. ಡೀಲರ್ ಕೊಟ್ಟ ರಿಯಾಯಿತಿಯಿಂದ ಬೆಲೆ ಗೆರೆಯ ಕೆಳಗೆ ಇಳಿಯಿತು, ತೆರಿಗೆಯೂ ಇಳಿಯುತ್ತದೆ ಎಂದೂ ಅಂದುಕೊಳ್ಳಬೇಡಿ. ತೆರಿಗೆ ಯಾವ ಬೆಲೆಯ ಮೇಲೆ ಕಟ್ಟುತ್ತೀರಿ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ.

ವಿದ್ಯುತ್ ಕಾರಿಗೆ ಕರ್ನಾಟಕ 2016ರಿಂದ ತೆರಿಗೆ ಬಿಟ್ಟಿತ್ತು. 2024ರಲ್ಲಿ 25 ಲಕ್ಷ ಮೀರಿದವಕ್ಕೆ ಶೇ 10 ಹಾಕಿತು. ಈ ನಿಯಮ ಸರ್ಕಾರ ಮನಸ್ಸು ಮಾಡಿದಾಗಲೆಲ್ಲ ಬದಲಾಗುವಂಥದ್ದು. ಬುಕ್ ಮಾಡುವ ದಿನ ಯಾವ ದರವಿದೆ ಎಂದು ನೋಡಿಕೊಂಡೇ ಹೊರಡಿ.

ಇಷ್ಟಾದ ಮೇಲೆ ಬರುವ ಸಲಹೆ ಗೊತ್ತೇ ಇದೆ: ‘ಹಿಂದೂಪುರದಲ್ಲಿ ಮಾವ ಅವ್ರೆ, ಅವ್ರ ಹೆಸರಲ್ಲಿ ತಗೊಂಡ್ಬಿಡು.’ ಹಿಂದೆ ಪಾವಗಡದ ಬೀದಿಯಲ್ಲಿ ಎಪಿ-02 ಎಂಬ ಅನಂತಪುರದ ನಂಬರು ಅಪರೂಪವೇನಾಗಿರಲಿಲ್ಲ. ಗಡಿ ಸೀಮೆಯಲ್ಲಿ ಹೊಲ ಒಂದು ಕಡೆ, ಹೆಣ್ಣು ಕೊಟ್ಟ ಮನೆ ಇನ್ನೊಂದು ಕಡೆ ಇರುವುದರಿಂದ ಅದರಲ್ಲಿ ಎಲ್ಲವೂ ಕಳ್ಳಾಟವಲ್ಲ. ಆದರೆ ಉಳಿತಾಯಕ್ಕೆಂದು ಮಾಡಿದರೆ ಈಗ ನಷ್ಟವೇ. ಆಂಧ್ರವೂ ತನ್ನ ದರಗಳನ್ನು ಏರಿಸಿ ನಮ್ಮ ಸರಿಸಮಕ್ಕೆ ತಂದುಕೊಂಡಿದೆ. ಬೇರೆ ರಾಜ್ಯದ ನಂಬರಿನ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ನಿಂತರೆ ಇಲ್ಲಿನ ನಂಬರು ಹಾಕಿಸಲೇಬೇಕು ಎನ್ನುವುದು ಅದೇ ಕಾಯ್ದೆಯ 47ನೇ ಕಲಮು. ಅಲ್ಲಿಂದ ಎನ್‌ಒಸಿ ತಂದು ಇಲ್ಲಿ ಮತ್ತೆ ತೆರಿಗೆ ಕಟ್ಟಿ, ಅಲ್ಲಿ ಕಟ್ಟಿದ್ದನ್ನು ವಾಪಸು ಕೊಡಿ ಎಂದು ಅರ್ಜಿ ಹಿಡಿದು ತಿರುಗಬೇಕು. ಅದಕ್ಕಿಂತ ಕೆಟ್ಟದ್ದೆಂದರೆ ಕಾರಿನ ಯಜಮಾನ ಮಾವನೇ. ವಿಮೆಯ ದುಡ್ಡು, ಅಪಘಾತದ ಕೇಸು, ಮುಂದೆ ಮಾರುವಾಗಿನ ಸಹಿ ಎಲ್ಲವೂ ಅವರದು. ನೆಂಟಸ್ತಿಕೆ ಕೆಡಲು ಇಷ್ಟು ಸಾಕು.

ಪುದುಚೇರಿ ನಂಬರಿನ ಕತೆಯೂ ಬೇರೆಯಲ್ಲ. ಅಲ್ಲಿ ತೆರಿಗೆ ನಿಜವಾಗಿಯೂ ಕಡಿಮೆ. ಅದಕ್ಕೇ ಸುಳ್ಳು ವಿಳಾಸ ಕೊಟ್ಟು ಅಲ್ಲಿ ನೋಂದಣಿ ಮಾಡಿಸಿದವರ ಮೇಲೆ 2017ರಲ್ಲಿ ಕೇರಳ ಕೇಸು ಹಾಕಿತು. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಮ್ಮ ಸಾರಿಗೆ ಇಲಾಖೆ ಒಂದೇ ದಿನ, ಇಲ್ಲಿನ ತೆರಿಗೆ ಕಟ್ಟದ ಸುಮಾರು 30 ಐಷಾರಾಮಿ ಕಾರುಗಳನ್ನು ವಶಕ್ಕೆ ತೆಗೆದುಕೊಂಡಿತು. ನ್ಯಾಯವಾಗಿಯೇ ಕಡಿಮೆ ಕಟ್ಟುವ ದಾರಿ ಒಂದಿದೆ: 2021ರ ಸೆಪ್ಟೆಂಬರ್ 15ರಿಂದ ಬಂದ ಬಿಎಚ್ ಸರಣಿ. ಸೈನ್ಯದವರು, ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯ ನೌಕರರಿಗೆ ಅದು ಸಿಗುತ್ತದೆ. ಹುಟ್ಟಿದೂರಿನಲ್ಲೇ ಕೆಲಸ ಮುಗಿಸುವವರಿಗಿಂತ ವರ್ಗಾವಣೆಯಾಗುತ್ತಿರುವವರಿಗೆ ಅದು ಲಾಭ.

ಹಾಗಾದರೂ ಗಡಿ ದಾಟುವುದಾದರೆ

ಆಂಧ್ರದ ಡೀಲರ್ ಹತ್ತಿರ ಕೊಳ್ಳುವುದು ತಪ್ಪೂ ಅಲ್ಲ, ಕೆಲವೊಮ್ಮೆ ಜಾಣತನವೂ ಹೌದು. ತುಮಕೂರಿನಲ್ಲಿ ಮೂರು ತಿಂಗಳು ಕಾಯಿರಿ ಎಂದ ಮಾದರಿ ಅಲ್ಲಿ ಯಾರ್ಡಿನಲ್ಲೇ ನಿಂತಿರಬಹುದು. ವರ್ಷದ ಕೊನೆಗೆ ಉಳಿದ ಕಾರಿಗೆ ಅಲ್ಲಿನವರು ಹೆಚ್ಚು ರಿಯಾಯಿತಿ ಕೊಡಬಹುದು. ಆಗ ಹೀಗೆ ನಡೆಯುತ್ತದೆ.

ಬುಕ್ ಮಾಡುವಾಗಲೇ ‘ನೋಂದಣಿ ಕರ್ನಾಟಕದಲ್ಲಿ, ನನಗೆ ಟಿಪಿ ನಂಬರು ಸಾಕು’ ಎಂದು ಹೇಳಬೇಕು. ಬಿಲ್ಲು, ವಿಮೆ ಎರಡರಲ್ಲೂ ನಿಮ್ಮ ಪಾವಗಡ ಅಥವಾ ಮಧುಗಿರಿಯ ವಿಳಾಸವೇ ಇರಬೇಕು. ಡೀಲರ್ ತಾತ್ಕಾಲಿಕ ನೋಂದಣಿ, ಅಂದರೆ ಈ ಟಿಪಿ, ಮಾಡಿಸಿ ಕೊಡುತ್ತಾನೆ: ಹಳದಿ ತಟ್ಟೆಯ ಮೇಲೆ ಕೆಂಪು ಅಕ್ಷರ, ಮೊದಲಲ್ಲಿ ಟಿ, ಆಮೇಲೆ ತಿಂಗಳು, ವರ್ಷ, ರಾಜ್ಯದ ಗುರುತು. ಅದರ ಅವಧಿ ಆರು ತಿಂಗಳು. ಆರು ತಿಂಗಳಿದೆ ಎಂದು ಸುಮ್ಮನೆ ಓಡಿಸಿಕೊಂಡಿರಬೇಡಿ. ತಂದ ವಾರದಲ್ಲೇ ಕೆಎ-64ರ ಕಡೆ ಮುಖ ಮಾಡಿ. ದಾರಿಯಲ್ಲಿ ಶನಿಮಹಾತ್ಮನ ಗುಡಿಯ ಮುಂದೆ ಪೂಜೆ ಮಾಡಿಸಿ ನಿಂಬೆಹಣ್ಣು ಹತ್ತಿಸುವುದಕ್ಕೆ ಪಾವಗಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತುಮಕೂರಿನಲ್ಲಿ ಕೊಂಡಿದ್ದರೆ ನೋಂದಣಿ ಅರ್ಜಿ ಹಾಕುವುದು ಡೀಲರಿನ ಜವಾಬ್ದಾರಿ, ಹೊಸ ಕಾರನ್ನು ಸಾರಿಗೆ ಕಚೇರಿಗೆ ಒಯ್ಯುವ ಕೆಲಸವೂ ಇಲ್ಲ. ನಂಬರ್ ಪ್ಲೇಟ್ ಹಾಕಿಯೇ ಕಾರು ಕೊಡುತ್ತಾರೆ. ಡೀಲರ್ ಬೇರೆ ರಾಜ್ಯದವನಾದರೆ ಅರ್ಜಿ ನಿಮ್ಮದೇ. ನಮೂನೆ 20 ಅರ್ಜಿ, ನಮೂನೆ 21 ಮಾರಾಟ ಪತ್ರ, ನಮೂನೆ 22 ತಯಾರಕರ ಪ್ರಮಾಣಪತ್ರ, ಬಿಲ್ಲು, ವಿಮೆ, ಟಿಪಿ ಪತ್ರ, ವಿಳಾಸದ ದಾಖಲೆ, ಪ್ಯಾನ್. ಸಾಲ ಇದ್ದರೆ ನಮೂನೆ 20ರಲ್ಲಿ ಬ್ಯಾಂಕಿನ ಸಹಿ. ಜೊತೆಗೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್: ಕೊರೆದ ನಂಬರಿನ ಮೇಲೆ ತೆಳು ಕಾಗದವೋ ಟೇಪೋ ಇಟ್ಟು ಸೀಸದ ಕಡ್ಡಿಯಿಂದ ಉಜ್ಜಿ ತೆಗೆಯುವುದು. ಎರಡು ಪ್ರತಿ ಹೆಚ್ಚಿಗೆ ಡೀಲರಿನ ಹತ್ತಿರವೇ ತೆಗೆಸಿಕೊಂಡು ಬನ್ನಿ. ಮಧುಗಿರಿಗೆ ಬಂದ ಮೇಲೆ ಸೀಟಿನ ಕೆಳಗೆ ಬಗ್ಗಿ ಹುಡುಕುವ ಪಾಡು ತಪ್ಪುತ್ತದೆ. ಕಾರನ್ನು ನಿರೀಕ್ಷಕರಿಗೆ ತೋರಿಸಿ, ತೆರಿಗೆ ಕಟ್ಟಿ, ನಂಬರು ಬಂದ ಮೇಲೆ ಅತಿ ಸುರಕ್ಷಿತ ಫಲಕಕ್ಕಾಗಿ ಮತ್ತೆ ಅದೇ ಕಂಪನಿಯ ಡೀಲರಿನ ಬಾಗಿಲಿಗೆ ಹೋಗಬೇಕು. ಓಡಾಟ, ದಿನಗೂಲಿ ಬಿಟ್ಟದ್ದು, ಏಜೆಂಟನ ಕೈಬಿಸಿ ಸೇರಿದರೆ ಐದು-ಹತ್ತು ಸಾವಿರದ ರಿಯಾಯಿತಿ ಅಲ್ಲೇ ಕರಗುತ್ತದೆ.

ಹಣ ಕಟ್ಟುವ ಮುನ್ನ ಯಾರ್ಡಿನಲ್ಲಿ ಕಾರು ನೋಡಿ. ಚಾಸಿ ನಂಬರಿನಲ್ಲಿ 17 ಅಕ್ಷರ-ಅಂಕಿ ಇರುತ್ತವೆ. ಮಾರುತಿಯದು ಎಂಎ3ರಿಂದ, ಹ್ಯುಂಡೈಯದು ಎಂಎಎಲ್‌ನಿಂದ ಶುರುವಾಗುತ್ತದೆ. ತಯಾರಾದ ವರ್ಷ, ತಿಂಗಳು ಕೂಡ ಅದರೊಳಗೇ ಅಡಗಿರುತ್ತವೆ. ಆ ಒಗಟು ಬಿಡಿಸುವ ಕಷ್ಟ ಬೇಡವೆಂದರೆ ನಮೂನೆ 21ರಲ್ಲಿ ತಯಾರಿಕೆಯ ತಿಂಗಳು, ವರ್ಷ ಎಂಬ ಸಾಲನ್ನೇ ಓದಿ. ಜನವರಿಯಲ್ಲಿ ಕೊಟ್ಟ ‘ಹೊಸ’ ಕಾರಿನಲ್ಲಿ ಹಿಂದಿನ ವರ್ಷದ ಡಿಸೆಂಬರ್ ಇದ್ದರೆ, ಮುಂದೆ ಮಾರುವಾಗ ಅದು ಒಂದು ವರ್ಷ ಹಳೆಯದೇ. ಕೊಳ್ಳಬಾರದೆಂದಲ್ಲ, ಆ ಒಂದು ವರ್ಷದ ಬೆಲೆಯನ್ನು ಇವತ್ತೇ ಕೇಳಿ ಇಳಿಸಿಕೊಳ್ಳಬೇಕು.

ಕೊಟೇಶನ್ ಹಾಳೆ

ನನ್ನ ಮಟ್ಟಿಗೆ ಉಳಿತಾಯ ಇರುವುದು ಈ ಒಂದು ಹಾಳೆಯಲ್ಲಿ. ಉಳಿದುಹೋದ ಕಾರಿನ ರಿಯಾಯಿತಿ ಬಿಟ್ಟರೆ ಎಕ್ಸ್‌ಶೋರೂಮ್, ಲೈಫ್ ಟ್ಯಾಕ್ಸ್ ಎರಡರಲ್ಲೂ ಚೌಕಾಸಿಗೆ ಜಾಗವಿಲ್ಲ. ಅದರ ಕೆಳಗಿನ ಸಾಲುಗಳಲ್ಲಿ ಇದೆ. ‘ಹ್ಯಾಂಡ್ಲಿಂಗ್ ಚಾರ್ಜ್’ ಅಥವಾ ‘ಲಾಜಿಸ್ಟಿಕ್ಸ್’ ಎಂದು ಬರೆದಿದ್ದರೆ ಯಾಕೆಂದು ಕೇಳಿ. ಷೋರೂಮ್ ತನಕ ಕಾರು ಬರುವ ಖರ್ಚನ್ನು ಎಕ್ಸ್‌ಶೋರೂಮಿನಲ್ಲೇ ಕೊಟ್ಟಾಗಿದೆ. ವಿಮೆ ಡೀಲರಿನಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯವಾಗಿದ್ದು, ಅದರ ದರ ಸರ್ಕಾರ ಗೊತ್ತು ಮಾಡಿದ್ದು, ಎಲ್ಲಿ ಮಾಡಿಸಿದರೂ ಒಂದೇ. ಸ್ವಂತ ಕಾರಿನ ಹಾನಿಯ ಭಾಗ ಮಾತ್ರ ಕಂಪನಿಯಿಂದ ಕಂಪನಿಗೆ ಬಹಳ ಬದಲಾಗುತ್ತದೆ. ಹೊರಗಿನ ಎರಡು ಕಂಪನಿಗಳ ದರ ಫೋನಿನಲ್ಲಿ ತೋರಿಸಿದರೆ ಷೋರೂಮಿನವರೂ ಇಳಿಯುತ್ತಾರೆ. ನೆಲಹಾಸು, ಮಡ್‌ಫ್ಲಾಪ್, ಬಣ್ಣಕ್ಕೆ ಲೇಪನ ಇವನ್ನೆಲ್ಲ ಕಟ್ಟಾಗಿ ಕಟ್ಟಿ ಕೊಡುವ ‘ಕಿಟ್’ ಬೇಡವೆಂದು ಹೇಳುವ ಹಕ್ಕು ನಿಮಗಿದೆ.

ಇನ್ನೊಂದು ಸಾಲು ಟಿಸಿಎಸ್. ಕಾರಿನ ಬೆಲೆ 10 ಲಕ್ಷ ಮೀರಿದರೆ ಡೀಲರ್ ಶೇ 1ನ್ನು ನಿಮ್ಮ ಪ್ಯಾನ್ ಹೆಸರಿನಲ್ಲಿ ಆದಾಯ ತೆರಿಗೆಗೆ ಕಟ್ಟುತ್ತಾನೆ. 12 ಲಕ್ಷಕ್ಕೆ 12,000 ರೂಪಾಯಿ. ಅದು ಖರ್ಚಲ್ಲ, ನಿಮ್ಮ ಹಣವೇ. ನೌಕರರು ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳುತ್ತಾರೆ. ಕಡಲೆಕಾಯಿ, ಅಡಿಕೆ ಬೆಳೆದು ಕಾರು ಕೊಂಡ ರೈತರು ‘ನಮಗೆ ತೆರಿಗೆಯೇ ಇಲ್ಲವಲ್ಲ’ ಎಂದು ರಿಟರ್ನ್ ಸಲ್ಲಿಸದೆ ಸುಮ್ಮನಿದ್ದರೆ ಆ ಹಣ ಅಲ್ಲೇ ಉಳಿಯುತ್ತದೆ. ಆ ವರ್ಷ ಒಂದು ರಿಟರ್ನ್ ಹಾಕಿ, ವಾಪಸು ನಿಮ್ಮ ಖಾತೆಗೇ ಬರುತ್ತದೆ.

ಮುಂಗಡ ಕೊಡುವ ಮುನ್ನ ತುಮಕೂರಿನಿಂದ ಒಂದು, ಹಿಂದೂಪುರ ಅಥವಾ ಅನಂತಪುರದಿಂದ ಒಂದು ಕೊಟೇಶನ್ ಬರೆಸಿಕೊಳ್ಳಿ. ಆಂಧ್ರದ ಹಾಳೆಯಲ್ಲಿ ಅಲ್ಲಿನ ಲೈಫ್ ಟ್ಯಾಕ್ಸ್ ಹೊಡೆದು ಹಾಕಿ ಕರ್ನಾಟಕದ್ದನ್ನು ಬರೆಯಿರಿ, ಟಿಪಿಯ ಖರ್ಚು ಮತ್ತು ಮಧುಗಿರಿಯ ಓಡಾಟ ಸೇರಿಸಿ. ಆಮೇಲೂ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಉಳಿದರೆ ಗಡಿ ದಾಟಿ. ಅದಕ್ಕಿಂತ ಕಡಿಮೆಯಿದ್ದರೆ ತುಮಕೂರಿನಲ್ಲೇ ತೆಗೆದುಕೊಳ್ಳಿ.